ಕಳ್ಳಿ ಕುಲದ ಎರಡು ಹೂಗಿಡ

ಮುಳ್ಳಿನ ಯೂಫೋರ್ಬಿಯಾ, ಪಾಯಿನ್‌ಸೆಟಿಯಾ ಎರಡೂ ಬೇಲಿಗಳ್ಳಿಯ ಕುಲದವೇ. ಮುರಿದರೆ ಹಾಲು ಸುರಿಯುತ್ತದೆ. ನೆಂಟಸ್ತಿಕೆ ಅಲ್ಲಿಗೇ ಮುಗೀತು, ಆರೈಕೆ ಬೇರೆ ಬೇರೆ.

ಮುಳ್ಳಿನದು ಮಡಗಾಸ್ಕರ್ ಮೂಲದ್ದು. ಬಳ್ಳಾರಿ ಬಿಸಿಲು ಅದಕ್ಕೆ ತವರಿದ್ದಂಗೆ, ವರ್ಷದ ಬಹುಪಾಲು ಹೂ ಬಿಡುತ್ತದೆ. ಸಾಯುವುದು ಹೆಚ್ಚಾಗಿ ನೀರು ನಿಂತು. ಬರೀ ಎರೆಮಣ್ಣು ತುಂಬಿದರೆ ಬೇರು ಕೊಳೆಯುತ್ತದೆ. ಅರ್ಧದಷ್ಟು ದಪ್ಪ ಮರಳು ಬೆರೆಸಿ, ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ. ಕಡ್ಡಿಯನ್ನು ಹಾಲು ತೊಳೆದು, ಎರಡು ಮೂರು ದಿನ ನೆರಳಲ್ಲಿ ಆರಿಸಿ ನೆಡಬೇಕು.

ಮೆಕ್ಸಿಕೋದಿಂದ ಬಂದ ಪಾಯಿನ್‌ಸೆಟಿಯಾ ಅಷ್ಟು ಗಟ್ಟಿಯಲ್ಲ. ನೀರು ತಪ್ಪಿದರೆ ಎಲೆ ಜೋಲುತ್ತದೆ, ಬೇಸಿಗೆ ಮಧ್ಯಾಹ್ನ ನೆರಳು ಬೇಕು. ಬಣ್ಣ ಹೋದ ಮೇಲೆ, ಫೆಬ್ರವರಿ-ಮಾರ್ಚ್‌ನಲ್ಲಿ, ಗೇಣುದ್ದ ಬಿಟ್ಟು ಸವರಿ.

ಇದರ ಕೆಂಪು ಹೂವಲ್ಲ, ಎಲೆ. ನಿಜವಾದ ಹೂ ನಡುವಿನ ಸಣ್ಣ ಹಳದಿ ಗುಂಡಿ. ಎಲೆ ಕೆಂಪೇರಲು ಅಕ್ಟೋಬರಿನಿಂದ ಎಂಟು-ಹತ್ತು ವಾರ, ದಿನಾ 12 ತಾಸಿಗಿಂತ ಹೆಚ್ಚು ಅಖಂಡ ಕತ್ತಲು ಬೇಕು. 14 ಇದ್ದರೆ ಇನ್ನೂ ಒಳ್ಳೇದು. ಬ್ರೂಸ್‌ಪೇಟೆಯಂಥ ಕಡೆ ಬೀದಿದೀಪದಡಿ ಇಟ್ಟ ಗಿಡ ಹಸಿರಾಗೇ ಉಳಿದು ಕ್ರಿಸ್‌ಮಸ್ ಮಾರಾಟ ತಪ್ಪುತ್ತದೆ. ಆಗ ಗೊಬ್ಬರ ಸುರಿದು ಏನು ಬಂತು! ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ರಟ್ಟಿನ ಡಬ್ಬಿ ಮುಚ್ಚಿ, ಹಗಲು ಬಿಸಿಲಿಗಿಡಿ. ಸಿರುಗುಪ್ಪ, ಕುರುಗೋಡು ಕಡೆ ಹೊಲದಲ್ಲಿ ದೀಪವಿಲ್ಲದ ಜಾಗ ಇರುವವರಿಗೆ ಈ ರಗಳೆಯೇ ಇಲ್ಲ. ಪೇಟೆಯವರಿಗಿಂತ ರೈತರಿಗೇ ಇದು ಸಲೀಸು.

ಸವರುವಾಗ ಕೈಗೆ ಚೀಲ ಹಾಕಿಕೊಳ್ಳಿ. ಮುಳ್ಳಿನ ಗಿಡದ ಹಾಲು ಬಲು ಖಾರ; ಕಣ್ಣಿಗೆ ಬಿದ್ದರೆ ಉಜ್ಜದೆ ಹದಿನೈದು ನಿಮಿಷ ನೀರು ಹಾಕಿ ತೊಳೆದು, ಡಾಕ್ಟರಿಗೆ ತೋರಿಸಿ.