ಕೊನೆಗೆ ಕೈಬಿಟ್ಟ ಹೆಸರು
ಒಬ್ಬ ಕಾಲೇಜು ಐಸ್ ಹಾಕಿ ತರಬೇತುದಾರರ ಜೀವನ

ಬೇಸಿಗೆ ರಜೆಯಲ್ಲಿ ಕೊಯಮತ್ತೂರಿನ ತಂಗಿಯ ಮನೆಗೆ ಹೋದವನು ಒಂದು ದಿನ ತಿರುಪ್ಪೂರಿಗೂ ಹೋಗಿ ಬಂದೆ. ನಮ್ಮ ಶಾಲೆಯ ಕಬಡ್ಡಿ ತಂಡಕ್ಕೆ ಅಂಗಿ ಕೊಳ್ಳುವುದಿತ್ತು. ಕಾಸರಗೋಡಿನಲ್ಲಿ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಹತ್ತಿದರೆ ಪಾಲಕ್ಕಾಡು, ಕೊಯಮತ್ತೂರುಗಳನ್ನು ದಾಟಿ ರೈಲು ಬದಲಿಸದೆಯೇ ತಿರುಪ್ಪೂರನ್ನು ತಲಪಬಹುದು. ಅಲ್ಲಿಯ ಖಾದರ್‌ಪೇಟೆಯಲ್ಲಿ, ಪರದೇಶಕ್ಕೆಂದು ಹೊಲಿದು ಮಿಕ್ಕಿ ಉಳಿದ ಬನಿಯನ್, ಟೀ ಶರ್ಟುಗಳನ್ನು ರಾಶಿ ಹಾಕಿ ಮಾರುತ್ತಾರೆ. ಅಂಗಡಿಯವರು ದೇವಾಂಗದವರು. ನಾನು ತಂಗಿಯ ಮಗನೊಡನೆ ಮಾತಾಡುವುದನ್ನು ಕೇಳಿ, “ನೀವು ಕನ್ನಡದವ್ರಾ? ನಮ್ಮ ಮನೇಲೂ ಕನ್ನಡವೇ” ಎಂದರು. ಓದಲು ಬರೆಯಲು ಬಾರದಂತೆ. ಆ ಸೀಮೆಯಲ್ಲಿ ಇಂತಹ ಮನೆಗಳು ಎಷ್ಟೋ ಇವೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ರಾಶಿಯಿಂದ ಹುಡುಗನು ಒಂದು ಕಡುಗೆಂಪು ಅಂಗಿಯನ್ನು ಎಳೆದು ತೆಗೆದ. ಅದರ ಮೇಲೆ ಹಳದಿ ಅಕ್ಷರದಲ್ಲಿ ‘ಮಿನ್ನೆಸೋಟ ಹಾಕಿ’ ಎಂದಿತ್ತು. ಕೋಲು ಹಿಡಿದು ಬಾಗಿ ನಿಂತ ಒಬ್ಬ ಆಟಗಾರನ ಚಿತ್ರವೂ ಇತ್ತು. “ಮಾವ, ಇದು ಯಾವ ಹಾಕಿ? ಅಂಕದ ಕೋಳಿಯ ಹಾಗೆ ಕಾಲಿಗೆ ಬಾಳು ಕಟ್ಟಿಕೊಂಡಿದ್ದಾನಲ್ಲ!” ಎಂದ. ನನಗೆ ನಗು ಬಂತು. ಆದರೆ ಹುಡುಗನ ಹೋಲಿಕೆಯಲ್ಲಿ ತಪ್ಪೇನಿರಲಿಲ್ಲ.

ಅದು ಐಸ್ ಹಾಕಿ. ಚಂದ್ರಗಿರಿ ಹೊಳೆಯು ದಂಡೆಯಿಂದ ದಂಡೆಗೆ ಗಟ್ಟಿಯಾಗಿ ಹೆಪ್ಪುಗಟ್ಟಿದೆಯೆಂದು ಭಾವಿಸಿರಿ. ಬೂಟಿನ ಅಡಿಗೆ ಉಕ್ಕಿನ ಅಲಗು ಜೋಡಿಸಿಕೊಂಡು ಅದರ ಮೇಲೆ ಜಾರುತ್ತಾ ಆಡುವ ಆಟವಿದು. ಚೆಂಡಿಲ್ಲ. ಮೂರು ಇಂಚು ಅಗಲದ, ಒಂದು ಇಂಚು ದಪ್ಪದ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯಬೇಕು. ಒಂದು ಪಕ್ಷದಲ್ಲಿ ಗೋಲಿಯೂ ಸೇರಿ ಆರು ಜನ. ಇಪ್ಪತ್ತು ನಿಮಿಷದ ಮೂರು ಅವಧಿ. ವೇಗವೆಷ್ಟೆಂದರೆ ಮುಕ್ಕಾಲು ನಿಮಿಷ, ಒಂದು ನಿಮಿಷದೊಳಗೆ ಆಟಗಾರರು ಬೆಂಚಿಗೆ ಮರಳಿ ಬೇರೆಯವರು ಇಳಿಯುತ್ತಾರೆ. ನಮ್ಮ ದೇಶದಲ್ಲಿ ಲಡಾಖಿನ ಹೆಪ್ಪುಗಟ್ಟಿದ ಕೊಳಗಳಲ್ಲಿ, ಶಿಮ್ಲಾದಲ್ಲಿ ಈ ಆಟವುಂಟು.

ಮಿನ್ನೆಸೋಟವು ಅಮೆರಿಕದ ಉತ್ತರದ ಅಂಚಿನಲ್ಲಿ, ಕೆನಡಾಕ್ಕೆ ತಾಗಿಕೊಂಡಿರುವ ಕೆರೆಗಳ ರಾಜ್ಯ. ಅಲ್ಲಿಯ ವಿಶ್ವವಿದ್ಯಾನಿಲಯದ ಬಣ್ಣ ಕಡುಗೆಂಪು ಮತ್ತು ಬಂಗಾರದ ಹಳದಿ. ಅಂಗಿಯನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದವರು ಆ ಬಣ್ಣದ ತಂಡಕ್ಕೆ ಏಳು ವರ್ಷ ತರಬೇತಿ ಕೊಟ್ಟ ಹರ್ಬ್ ಬ್ರೂಕ್ಸ್. ಅವರ ವಿಚಾರ ನಾನು ಮೊದಲು ಓದಿದ್ದು, ನನ್ನದೇ ಒಂದು ತಪ್ಪು ಮನಸ್ಸನ್ನು ಕೊರೆಯುತ್ತಿದ್ದ ಕಾಲದಲ್ಲಿ. ಆದುದರಿಂದ ಮರೆಯಲಾರೆ.

ಬ್ರೂಕ್ಸ್ ಹುಟ್ಟಿದ್ದು 1937ರ ಆಗಸ್ಟ್ 5ರಂದು, ಸೇಂಟ್ ಪಾಲ್ ನಗರದಲ್ಲಿ. 1955ರಲ್ಲಿ ಅವರ ಹೈಸ್ಕೂಲು ರಾಜ್ಯ ಚಾಂಪಿಯನ್ ಆಯಿತು. ಮುಂದೆ ಮಿನ್ನೆಸೋಟ ವಿಶ್ವವಿದ್ಯಾನಿಲಯಕ್ಕೆ ಆಡಿದರು. 1960ರ ಚಳಿಗಾಲದ ಒಲಿಂಪಿಕ್ಸ್ ತಂಡಕ್ಕೂ ಸೇರಿದರು. ಆದರೆ ಕೂಟ ಆರಂಭವಾಗಲು ಕೆಲವೇ ದಿನಗಳಿರುವಾಗ ತರಬೇತುದಾರರು ಬೇರೊಬ್ಬ ಆಟಗಾರನನ್ನು ಕರೆತಂದು ಬ್ರೂಕ್ಸರನ್ನು ಬಿಟ್ಟರು. ಕಟ್ಟಕಡೆಗೆ ಕೈಬಿಟ್ಟ ಹೆಸರು ಅವರದೇ. ಅವರಿಲ್ಲದ ಆ ತಂಡ ಚಿನ್ನ ಗೆದ್ದುಕೊಂಡು ಬಂತು! ಊರಲ್ಲಿ ಟಿ.ವಿ.ಯ ಮುಂದೆ ಕುಳಿತು ಅದನ್ನು ನೋಡಿದ ಮಗನಿಗೆ ತಂದೆ ಸಮಾಧಾನ ಹೇಳಲಿಲ್ಲ. ಬಿಡಬೇಕಾದವನನ್ನೇ ಬಿಟ್ಟಿದ್ದಾರೆ ಎಂಬರ್ಥದ ಮಾತಾಡಿದರಂತೆ. 1964ರಲ್ಲಿಯೂ 1968ರಲ್ಲಿಯೂ ಬ್ರೂಕ್ಸ್ ಒಲಿಂಪಿಕ್ಸಿನಲ್ಲಿ ಆಡಿದರು. ಆಗ ಪದಕ ಬರಲಿಲ್ಲ. ಹೊಟ್ಟೆಪಾಡಿಗೆ ವಿಮೆ ಮಾರುತ್ತಿದ್ದರು.

1972ರಲ್ಲಿ ಅವರು ತಾನು ಕಲಿತ ವಿಶ್ವವಿದ್ಯಾನಿಲಯದ ಮುಖ್ಯ ತರಬೇತುದಾರರಾದರು. ನಮ್ಮಲ್ಲಿ ಕಾಲೇಜಿನ ಆಟವೆಂದರೆ ಸಂಜೆಯ ಹೊತ್ತಿನ ಕಾರ್ಯಕ್ರಮ, ಅಲ್ಲಿ ಹಾಗಲ್ಲ. ತರಬೇತುದಾರರು ಪೂರ್ಣಾವಧಿಯ ಸಂಬಳದ ಉದ್ಯೋಗಿ. ಹೈಸ್ಕೂಲುಗಳ ಪಂದ್ಯಗಳಿಗೆ ಅಲೆದು ಹುಡುಗರನ್ನು ಗುರುತಿಸಿ, ವಿದ್ಯಾರ್ಥಿವೇತನ ಕೊಡಿಸಿ ಕರೆತರುವುದು ಅವರ ಕೆಲಸದ ಮುಖ್ಯ ಭಾಗ. ನಾಲ್ಕು ವರ್ಷ ಕಳೆಯಿತೆಂದರೆ ತಯಾರಾದ ಹುಡುಗ ಹೊರಟುಹೋಗುತ್ತಾನೆ, ಮತ್ತೆ ಮೊದಲಿನಿಂದ! ಹತ್ತನೆಯ ತರಗತಿಯ ಮೇಷ್ಟ್ರಿಗೆ ಈ ಪಾಡು ಬಿಡಿಸಿ ಹೇಳಬೇಕಾಗಿಲ್ಲ.

ಬ್ರೂಕ್ಸ್ ಬಂದಾಗ ತಂಡ ಲೀಗಿನ ಕೆಳಗಿನ ತುದಿಯಲ್ಲಿತ್ತು. ಎದುರಾಳಿ ಕಾಲೇಜುಗಳು ಕೆನಡಾದಿಂದ ಆಟಗಾರರನ್ನು ತಂದು ತುಂಬಿಸಿಕೊಳ್ಳುತ್ತಿದ್ದ ಕಾಲವದು. ಇವರಾದರೋ ತಮ್ಮ ಗುರು ಜಾನ್ ಮರಿಯೂಚಿಯವರ ದಾರಿಯಲ್ಲೇ ನಡೆದು ತಮ್ಮ ರಾಜ್ಯದ ಹುಡುಗರನ್ನೇ ನೆಚ್ಚಿದರು. ಎರಡನೆಯ ವರ್ಷಕ್ಕೆ, ಎಂದರೆ 1974ರಲ್ಲಿ, ಮಿನ್ನೆಸೋಟಕ್ಕೆ ಮೊತ್ತಮೊದಲ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಬಂತು. 1976ರಲ್ಲಿ ಮತ್ತೊಂದು, 1979ರಲ್ಲಿ ಇನ್ನೊಂದು. ಊರ ಮಕ್ಕಳನ್ನು ಕಟ್ಟಿಕೊಂಡು ಗೆದ್ದ ಈ ಮೂರು ಪ್ರಶಸ್ತಿಗಳು, ಮುಂದೆ ಬಂದ ಲೋಕಪ್ರಸಿದ್ಧ ಪಂದ್ಯಕ್ಕಿಂತಲೂ ದೊಡ್ಡವೆಂದು ನನ್ನ ಎಣಿಕೆ. ಒಪ್ಪದವರು ಇರಬಹುದು.

ಆ ಪಂದ್ಯದ ಕಥೆ ಹೀಗೆ. 1980ರ ಒಲಿಂಪಿಕ್ಸ್ ತಂಡಕ್ಕೆ ಬ್ರೂಕ್ಸ್ ತರಬೇತುದಾರರಾದರು. ಎದುರಿಗಿದ್ದವರು 1964ರಿಂದ ಸತತ ನಾಲ್ಕು ಬಾರಿ ಚಿನ್ನ ಗೆದ್ದ ಸೋವಿಯತ್ ರಷ್ಯದವರು. ಬ್ರೂಕ್ಸ್ ಆರಿಸಿದ ಇಪ್ಪತ್ತು ಮಂದಿಯಲ್ಲಿ ಬಹುಮಟ್ಟಿಗೆ ಎಲ್ಲರೂ ಕಾಲೇಜು ಹುಡುಗರು; ಒಂಬತ್ತು ಮಂದಿ ಮಿನ್ನೆಸೋಟ ವಿಶ್ವವಿದ್ಯಾನಿಲಯದವರು. ಆಯ್ಕೆಗೆ ಬಂದವರಿಗೆ ಮುನ್ನೂರರಷ್ಟು ಪ್ರಶ್ನೆಗಳ ಲಿಖಿತ ಪರೀಕ್ಷೆಯನ್ನೂ ಇಟ್ಟಿದ್ದರಂತೆ. ಅತ್ಯುತ್ತಮರನ್ನಲ್ಲ, ಒಬ್ಬರಿಗೊಬ್ಬರು ಹೊಂದುವವರನ್ನು ಅವರು ಹುಡುಕುತ್ತಿದ್ದರು. ವಿಸ್ಕಾನ್ಸಿನ್ ಕಾಲೇಜಿನ ತರಬೇತುದಾರ ಬಾಬ್ ಜಾನ್ಸನ್‌ರಿಗೂ ಇವರಿಗೂ ಎಣ್ಣೆ ಸೀಗೆಕಾಯಿ. ಆದರೂ ಅವರ ಮಗ ಮಾರ್ಕನನ್ನು ಬಿಡಲಿಲ್ಲ. ವೈರವನ್ನು ಮಗನ ತಲೆಗೆ ಕಟ್ಟದಿರುವುದು ಸಣ್ಣ ಮಾತಲ್ಲ.

ಹುಡುಗರೊಡನೆ ಬ್ರೂಕ್ಸ್ ನಗುತ್ತಿರಲಿಲ್ಲ, ಸಲಿಗೆಯೂ ಇರಲಿಲ್ಲ. 1979ರ ಸೆಪ್ಟೆಂಬರಿನಲ್ಲಿ ನಾರ್ವೆಯ ತಂಡದೊಡನೆ ಉದಾಸೀನದಿಂದ ಆಡಿ 3-3ರ ಸಮಬಲ ಮಾಡಿಕೊಂಡಾಗ, ಪಂದ್ಯ ಮುಗಿದ ಮೇಲೆಯೂ ಅವರನ್ನು ಮಂಜಿನ ಮೇಲೆಯೇ ನಿಲ್ಲಿಸಿ ಗೆರೆಯಿಂದ ಗೆರೆಗೆ ಓಡಿಸಿದರು. ಕ್ರೀಡಾಂಗಣದವರು ದೀಪ ಆರಿಸಿದರೂ ಓಟ ನಿಲ್ಲಲಿಲ್ಲ.

ಹೀಗೆ ಅರುವತ್ತರಷ್ಟು ಪಂದ್ಯಗಳನ್ನಾಡಿಸಿದ ಬಳಿಕ ಒಂದು ಹೆಸರು ಹೆಚ್ಚಾಗಿ ಉಳಿಯಿತು: ನ್ಯೂ ಹ್ಯಾಂಪ್‌ಶೈರ್ ಕಾಲೇಜಿನ ರಾಲ್ಫ್ ಕಾಕ್ಸ್. ಗೋಲು ಹೊಡೆಯುವುದರಲ್ಲಿ ನಿಪುಣ. ಇಪ್ಪತ್ತು ವರ್ಷ ಹಿಂದೆ ತಾನು ನಿಂತಿದ್ದ ಜಾಗದಲ್ಲಿ ಈಗ ಇನ್ನೊಬ್ಬನನ್ನು ನಿಲ್ಲಿಸಬೇಕು! ಬ್ರೂಕ್ಸ್ ಆ ಮಾತನ್ನು ಅವನಿಗೆ ತಾನೇ ಹೇಳಿದರು. ತನ್ನ ಕಾರ್ಯದಲ್ಲಿ ಅತಿ ಕಷ್ಟದ್ದು ಅದೆಂದು ಅವರಿಗೆ ತೋರಿರಬೇಕು.

ನನ್ನ ತಪ್ಪು ಇಲ್ಲಿಯೇ ಇರುವುದು. ನಾನು ವ್ಯಾಯಾಮ ಶಿಕ್ಷಕನಲ್ಲ, ಟಿ.ಸಿ.ಎಚ್. ಮಾಡಿದ ಪಾಠದ ಮೇಷ್ಟ್ರು. ಆ ಹುದ್ದೆ ಖಾಲಿಯಿದ್ದ ವರ್ಷ ಕಬಡ್ಡಿಯ ಹೊಣೆ ನನಗೆ ಬಂತು. ಉಪಜಿಲ್ಲಾ ಕ್ರೀಡಾಕೂಟಕ್ಕೆ ಹನ್ನೆರಡೇ ಹೆಸರು ಕಳುಹಿಸಬೇಕು. ಅಭ್ಯಾಸಕ್ಕೆ ಬರುತ್ತಿದ್ದವರು ಹದಿಮೂರು. ಒಬ್ಬನನ್ನು ಬಿಟ್ಟೆ. ಬಿಟ್ಟದ್ದು ಸರಿಯೇ, ಉಳಿದವರು ಅವನಿಗಿಂತ ಗಟ್ಟಿಗರು. ಆದರೆ ಅವನೊಡನೆ ಒಂದು ಮಾತಾಡುವ ಧೈರ್ಯ ಸಾಲದೆ ಪಟ್ಟಿಯನ್ನು ಫಲಕಕ್ಕೆ ಅಂಟಿಸಿ ಸ್ಟಾಫ್ ರೂಮಿಗೆ ಹೋಗಿಬಿಟ್ಟೆ. ಹುಡುಗ ತಿರುಗಿ ಮೈದಾನಕ್ಕೆ ಬರಲಿಲ್ಲ. ಮುಂದಿನ ವರ್ಷ ಬೇರೆ ಶಾಲೆಗೆ, ಬೇರೆ ಮಾಧ್ಯಮಕ್ಕೆ ಹೋದ. ಕನ್ನಡ ತರಗತಿಯಲ್ಲಿ ಒಂದು ತಲೆ ಕಡಿಮೆಯಾದರೆ ಡಿವಿಷನಿನ ಲೆಕ್ಕ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಆದರೆ ನನ್ನನ್ನು ಕಾಡಿದ್ದು ಆ ಲೆಕ್ಕವಲ್ಲ.

ಒಲಿಂಪಿಕ್ಸಿಗೆ ಮೂರು ದಿನ ಮುಂಚೆ, ಫೆಬ್ರವರಿ 9ರಂದು, ನ್ಯೂಯಾರ್ಕಿನಲ್ಲಿ ನಡೆದ ಸ್ನೇಹಪಂದ್ಯದಲ್ಲಿ ರಷ್ಯನ್ನರು ಬ್ರೂಕ್ಸರ ಹುಡುಗರನ್ನು 10-3ರಿಂದ ಬಡಿದುಹಾಕಿದರು. ಲೇಕ್ ಪ್ಲಾಸಿಡ್‌ನಲ್ಲಿ ಫೆಬ್ರವರಿ 22ರಂದು ಪುನಃ ಅವರೇ ಎದುರಾದರು. ಮಾರ್ಕ್ ಜಾನ್ಸನ್ ಎರಡು ಗೋಲು ಹೊಡೆದ. ಇನ್ನು ಹತ್ತು ನಿಮಿಷವಿರುವಾಗ ನಾಯಕ ಮೈಕ್ ಎರುಜಿಯೋನಿ ನಾಲ್ಕನೆಯದನ್ನು ಹೊಡೆದ. 4-3! ಹುಡುಗರು ಮಂಜಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರೆ ಬ್ರೂಕ್ಸ್ ಅವರತ್ತ ಹೋಗದೆ ಒಳಕ್ಕೆ ನಡೆದುಬಿಟ್ಟರು. ಎರಡು ದಿನದ ಮೇಲೆ ಫಿನ್ಲೆಂಡನ್ನು 4-2ರಿಂದ ಸೋಲಿಸಿ ಚಿನ್ನವೂ ಆಯಿತು.

ಅನಂತರ ಬ್ರೂಕ್ಸ್ ಸಂಬಳದ ವೃತ್ತಿಪರ ತಂಡಗಳಿಗೆ ಹೋದರು. 1981ರಿಂದ 1985ರ ತನಕ ನ್ಯೂಯಾರ್ಕ್ ರೇಂಜರ್ಸ್, ಆ ಮೇಲೆ ಇನ್ನೂ ಮೂರು ತಂಡಗಳು. ಅಲ್ಲಿ ಹಿಂದಿನಷ್ಟು ದೊಡ್ಡ ಹೆಸರೇನೂ ಬರಲಿಲ್ಲ. ನಡುವೆ 1986-87ರಲ್ಲಿ ಒಂದು ವರ್ಷ ತಮ್ಮ ರಾಜ್ಯದ ಸೇಂಟ್ ಕ್ಲೌಡ್ ಎಂಬ ಸಣ್ಣ ಕಾಲೇಜಿನ ತಂಡವನ್ನು ವಹಿಸಿಕೊಂಡು, ಅದು ದೊಡ್ಡ ಕಾಲೇಜುಗಳ ಸಾಲಿಗೆ ಏರಲು ನೆರವಾದರು. ಅಷ್ಟು ಹೆಸರು ಮಾಡಿದವರು ಮೂರನೆಯ ದರ್ಜೆಯ ತಂಡಕ್ಕೆ ಹೋಗುವುದೆಂದರೆ ಸಾಮಾನ್ಯವಲ್ಲ. 2002ರಲ್ಲಿ ಪುನಃ ಒಲಿಂಪಿಕ್ಸ್ ತಂಡಕ್ಕೆ ತರಬೇತಿ ಕೊಟ್ಟು ಬೆಳ್ಳಿ ತಂದರು. 2003ರ ಆಗಸ್ಟ್ 11ರಂದು, ಮಿನ್ನೆಸೋಟದಲ್ಲೇ, ಹೆದ್ದಾರಿಯಲ್ಲಿ ಕಾರು ಮಗುಚಿ ತೀರಿಕೊಂಡರು. ಸೀಟ್ ಬೆಲ್ಟ್ ಕಟ್ಟಿಕೊಂಡಿರಲಿಲ್ಲ. ಲೇಕ್ ಪ್ಲಾಸಿಡ್‌ನ ಆ ಕ್ರೀಡಾಂಗಣಕ್ಕೆ ಈಗ ಅವರದೇ ಹೆಸರು. ಎದುರಾಳಿಯ ಮಗ ಮಾರ್ಕ್ ಜಾನ್ಸನ್ ಮುಂದೆ ವಿಸ್ಕಾನ್ಸಿನ್‌ನಲ್ಲಿ ಹುಡುಗಿಯರ ತಂಡದ ತರಬೇತುದಾರನಾಗಿ 2025ರ ತನಕ ಎಂಟು ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿಕೊಟ್ಟಿದ್ದಾರೆ.

ಖಾದರ್‌ಪೇಟೆಯಲ್ಲಿ ಕಡುಗೆಂಪಿನ ಅಂಗಿ ಒಂದೇ ಇತ್ತು, ತಂಗಿಯ ಮಗನಿಗೆ ಹೋಯಿತು. ತಂಡಕ್ಕೆ ನೀಲಿಯದನ್ನು ಆರಿಸಿದೆ. ಅಂಗಡಿಯವರು ಹನ್ನೆರಡು ಎಣಿಸಿ, ಕನ್ನಡದವರೆಂದು ಕ್ರಯದಲ್ಲಿ ಸ್ವಲ್ಪ ಬಿಟ್ಟರು. ಆ ದುಡ್ಡಿಗೆ ಇನ್ನೂ ಒಂದು ಕೊಡಿರೆಂದೆ. ಈ ಬಾರಿ ಅಭ್ಯಾಸಕ್ಕೆ ಹದಿನಾಲ್ಕು ಹುಡುಗರಿದ್ದಾರೆ. ಪಟ್ಟಿ ಬರೆಯುವ ಮೊದಲು ಇಬ್ಬರನ್ನು ಕರೆದು ಮಾತಾಡಬೇಕಾಗಿದೆ, ಒಂದು ಅಂಗಿ ಇನ್ನೂ ಸಾಲದು.