ಮಟ್ಟದ ಉಪಕರಣದ ದೃಷ್ಟಿರೇಖೆ ದೋಷ ಮತ್ತು ಎರಡು ಗೂಟಗಳ ಪರೀಕ್ಷೆ

ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ನಾಲಾ ಬಯಲಿನ ಗದ್ದೆಗಳಲ್ಲಿ ನೆಲದ ಇಳಿಜಾರು ಅತ್ಯಲ್ಪ. ಇಂತಹ ಕಡೆ ಚರಂಡಿ ಅಥವಾ ಹೊಲಗಾಲುವೆ ನಿರ್ಮಿಸುವಾಗ ಮಟ್ಟ ಕೆಲವು ಸೆಂಟಿಮೀಟರ್ ತಪ್ಪಿದರೂ ನೀರು ಹರಿಯದೆ ನಿಲ್ಲುತ್ತದೆ. ದೋಷವು ಕಾಮಗಾರಿಯಲ್ಲಿರದೆ, ಮಟ್ಟ ಅಳೆದ ಉಪಕರಣದಲ್ಲಿಯೇ ಇರಬಹುದು.

ಲೆವೆಲ್ ಉಪಕರಣದ ದೂರದರ್ಶಕದ ದೃಷ್ಟಿರೇಖೆ ಸಮತಲವಾಗಿರಬೇಕು. ಸಾಗಾಟದಲ್ಲಿ ಪೆಟ್ಟು ಬಿದ್ದರೆ ಅದು ಮೇಲಕ್ಕೋ ಕೆಳಕ್ಕೋ ವಾಲುತ್ತದೆ. ಗುಳ್ಳೆ ಮಧ್ಯದಲ್ಲಿದ್ದರೂ ಈ ದೋಷ ಕಾಣದು; ಅಳತೆಕೋಲು ದೂರವಾದಷ್ಟೂ ತಪ್ಪು ಹೆಚ್ಚುತ್ತದೆ.

ಪರೀಕ್ಷೆ ಸರಳವಾದುದು. 60 ಮೀಟರ್ ಅಂತರದಲ್ಲಿ ಎರಡು ಗೂಟಗಳನ್ನು ನೆಡಬೇಕು. ಮೊದಲು ಉಪಕರಣವನ್ನು ಸರಿಯಾಗಿ ನಡುವೆ ಇಡಬೇಕು. ಮೊದಲ ಗೂಟದ ಮೇಲಿನ ಓದು 1.425 ಮೀಟರ್, ಎರಡನೆಯದರ ಮೇಲಿನದು 1.150 ಮೀಟರ್ ಎಂದಿಟ್ಟುಕೊಳ್ಳೋಣ. ದೂರ ಸಮವಾಗಿರುವುದರಿಂದ ಎರಡೂ ಓದುಗಳಲ್ಲಿನ ತಪ್ಪು ಸಮವಾಗಿ ಕಳೆದುಹೋಗುತ್ತದೆ. ನಿಜವಾದ ವ್ಯತ್ಯಾಸ 0.275 ಮೀಟರ್. ನಂತರ ಉಪಕರಣವನ್ನು ಮೊದಲ ಗೂಟದ ಸಮೀಪಕ್ಕೆ ಒಯ್ಯಬೇಕು. ಅಲ್ಲಿ ಮೊದಲ ಓದು 1.510 ಆದರೆ, ಎರಡನೆಯದು 1.235 ಇರಬೇಕು. ಅದು 1.271 ಬಂದರೆ ದೋಷ 36 ಮಿ.ಮೀ.

ಇದರ ಪರಿಣಾಮವನ್ನು ಗಮನಿಸಬೇಕು. ಸಾವಿರಕ್ಕೆ ಒಂದರ ಇಳಿಜಾರಿನ ಚರಂಡಿ 60 ಮೀಟರಿಗೆ 60 ಮಿ.ಮೀ. ಇಳಿಯಬೇಕು. ಈ ಉಪಕರಣವನ್ನು ಚರಂಡಿಯ ಮೇಲ್ತುದಿಯಲ್ಲಿಟ್ಟು ಅಳೆದರೆ ಲೆಕ್ಕದಲ್ಲಿ 60 ಬಂದರೂ ನೆಲದಲ್ಲಿ ಸಿಗುವುದು 24 ಮಿ.ಮೀ. ಮಾತ್ರ.

ತರಬೇತಿ ಪಡೆದ ತಂತ್ರಜ್ಞರು ಅಡ್ಡಗೆರೆಯ ತಿರುಪನ್ನು ಹೊಂದಿಸಿ, ಪರೀಕ್ಷೆಯನ್ನು ಪುನಃ ನಡೆಸಿ ದೋಷವನ್ನು ನಿವಾರಿಸಬೇಕು. ಅಲ್ಲಿಯವರೆಗೆ ಹಿಂದಿನ ಮತ್ತು ಮುಂದಿನ ಓದುಗಳ ದೂರವನ್ನು ಸಮವಾಗಿರಿಸಿದರೆ ತಪ್ಪು ತಾನಾಗಿಯೇ ರದ್ದಾಗುತ್ತದೆ.

ಎಂತಹ ಉತ್ತಮ ಉಪಕರಣವೂ ಪೆಟ್ಟಿಗೆ ಹೊರತಲ್ಲ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಮುಂದೆ ದಕ್ಷಿಣ ಭಾರತದ ತ್ರಿಕೋನಮಿತೀಯ ಸರ್ವೆ ಕೈಗೊಂಡರು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅವರ ಬೃಹತ್ ಥಿಯೋಡೊಲೈಟ್ ಬಡಿದು ಅದರ ವೃತ್ತ ಸೊಟ್ಟಾಯಿತು. ಅವರು ಅದನ್ನು ತಾವೇ ಸರಿಪಡಿಸಿದ ನಂತರವೇ ಅಳತೆ ಮುಂದುವರಿಸಿದರು.

ಆದ್ದರಿಂದ ಸದಸ್ಯರು ಕಾಮಗಾರಿಯ ಆರಂಭದಲ್ಲಿಯೇ ಎರಡು ಗೂಟಗಳ ಪರೀಕ್ಷೆಯನ್ನು ತಮ್ಮ ಸಮಕ್ಷಮದಲ್ಲಿ ನಡೆಸುವಂತೆ ಇಂಜಿನಿಯರನ್ನು ಕೋರಿ, ನಾಲ್ಕೂ ಓದುಗಳನ್ನು ದಾಖಲಿಸಿಕೊಳ್ಳುವುದು ಸೂಕ್ತ. ಕಾಂಕ್ರೀಟ್ ಹಾಕಿದ ಮೇಲೆ ಪತ್ತೆಯಾದ ದೋಷಕ್ಕೆ ಒಡೆಯುವುದೊಂದೇ ಪರಿಹಾರ.