ಮೆಣಸಿನಕಾಯಿ ಪೇಟೆಯ ಇಂಗ್ಲಿಷ್

ಮೆಣಸಿನಕಾಯಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಚಿಲ್ಲಿ’ಯ ಕೊನೆಗೆ ಐ ಬರಬೇಕೋ ವೈ ಬರಬೇಕೋ? ಬ್ರಿಟಿಷ್ ಬಳಕೆಯಲ್ಲಿ ಎರಡು ಎಲ್, ಕೊನೆಗೆ ಐ. ಅಮೆರಿಕದಲ್ಲಿ ಒಂದೇ ಎಲ್. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಭಾರತದಲ್ಲಿ ರೂಢಿಯಲ್ಲಿರುವುದು ಮೊದಲನೆಯದು. ಕೊನೆಗೆ ವೈ ಬಂದರೆ ಅರ್ಥವೇ ಬೇರೆ, ಚಳಿ ಹಿಡಿಸುವಂಥದ್ದು ಎಂದಾಗುತ್ತದೆ. ಆದರೂ ಬೋರ್ಡು, ಚೀಲಗಳ ಮೇಲೆ ವೈ ನುಸುಳುವುದಕ್ಕೆ ಕಾರಣವಿದೆ. ‘ಚಿಲ್ಲೀಸ್’ ಎಂಬ ಬಹುವಚನ ಐ, ಇ, ಎಸ್‌ನಿಂದ ಮುಗಿಯುತ್ತದೆ. ‘ಸ್ಟೋರೀಸ್’ ಕೂಡ ಹಾಗೆಯೇ. ‘ಸ್ಟೋರಿ’ಗೆ ವೈ ಇರುವಾಗ ಇದಕ್ಕೂ ಇರಬೇಕೆಂದು ಕೈ ತಾನಾಗಿ ಬರೆದುಬಿಡುತ್ತದೆ.

ಊರ ಹೆಸರುಗಳ ಮಾತು ಬೇರೆ. ರಾಣೆಬೆನ್ನೂರನ್ನು ಇ ಬಳಸಿ ಬರೆಯುವವರೂ ಇದ್ದಾರೆ, ಐ ಬಳಸುವವರೂ ಇದ್ದಾರೆ. ಅದು ತಪ್ಪಲ್ಲ. ಒಂದೇ ಅರ್ಜಿಯಲ್ಲಿ ಎರಡೂ ಬರಬಾರದು, ಅಷ್ಟೇ. ರಾಣೆಬೆನ್ನೂರಿನ ಬೀಜದ ವ್ಯಾಪಾರದಲ್ಲಿ ಏಳುವ ಇನ್ನೊಂದು ಪ್ರಶ್ನೆಗೂ ಉತ್ತರ ಚಿಕ್ಕದು: ತೂಕದ ಲೆಕ್ಕದಲ್ಲಿ ‘ಸೀಡ್’, ಎಣಿಸುವಾಗ ‘ಸೀಡ್ಸ್’.

ಹೆಚ್ಚು ಕಾಡುವುದು ‘ಎ’ ಮತ್ತು ‘ಆ್ಯನ್’. ಇಲ್ಲಿ ನೋಡಬೇಕಾದ್ದು ಬರೆದ ಅಕ್ಷರವನ್ನಲ್ಲ, ಉಚ್ಚಾರವನ್ನು. ‘ಯೂನಿವರ್ಸಿಟಿ’ಯ ಮೊದಲ ಅಕ್ಷರ ಸ್ವರವಾದರೂ ಬಾಯಲ್ಲಿ ಬರುವುದು ಯಕಾರ, ಆದ್ದರಿಂದ ‘ಎ ಯೂನಿವರ್ಸಿಟಿ’. ‘ಎಂಎಲ್‌ಎ’ಯಲ್ಲಿ ಎಂ ವ್ಯಂಜನವಾದರೂ ಅದರ ಹೆಸರು ಸ್ವರದಿಂದ ಶುರುವಾಗುತ್ತದೆ; ಆದ್ದರಿಂದ ‘ಆ್ಯನ್ ಎಂಎಲ್‌ಎ’. ಎಡವುವುದು ಇಲ್ಲೇ. ‘ಎಲ್ಲಿ’ಯನ್ನು ‘ಯೆಲ್ಲಿ’ ಎನ್ನುವ ಕನ್ನಡದ ನಾಲಿಗೆ ‘ಯೆಮ್ಮೆಲ್ಲೆ’ ಎಂದೇ ಆಡುತ್ತದೆ. ಯಕಾರ ಕೇಳಿದ ಕಿವಿ ‘ಎ’ ಸಾಕೆನ್ನುತ್ತದೆ. ಬ್ಯಾಡಗಿ, ರಾಣೆಬೆನ್ನೂರು ಇರುವ ಹಾವೇರಿ ಜಿಲ್ಲೆಯ ಶಾಲೆಗಳಲ್ಲಿ ನಿಯಮ ಬಾಯಿಪಾಠ ಮಾಡಿಸುವ ಮೊದಲು ಈ ಒಂದು ಸಂಗತಿ ತಿಳಿಸಿದರೆ ಮಕ್ಕಳ ಅರ್ಧ ಗೊಂದಲ ಕಳೆಯುತ್ತದೆ.

ವ್ಯಾಪಾರಕ್ಕೇ ಪೆಟ್ಟು ಕೊಡಬಲ್ಲದ್ದು ‘ಯೆಸ್’ ಮತ್ತು ‘ನೋ’. ದಲಾಲಿ ಅಂಗಡಿಯಲ್ಲಿ “ಮಾಲು ಬಂದಿಲ್ಲೇನ್ರಿ?” ಎಂದರೆ “ಹೌದ್ರಿ, ಬಂದಿಲ್ಲ” ಎಂಬ ಉತ್ತರ ಸರಿಯಾದದ್ದೇ. ಕೇಳಿದವರ ಊಹೆಗೆ ಇಲ್ಲಿ ‘ಹೌದು’ ಒಪ್ಪಿಗೆ ಕೊಡುತ್ತದೆ. ಇಂಗ್ಲಿಷಿನ ‘ಯೆಸ್’ ಊಹೆಯನ್ನು ಗಮನಿಸುವುದಿಲ್ಲ, ಮಾಲು ಬಂದಿದೆ ಎಂದೇ ಹೇಳುತ್ತದೆ. ಬಂದಿಲ್ಲದಿದ್ದರೆ ‘ನೋ, ಇಟ್ ಹ್ಯಾಸಂಟ್’ ಎನ್ನಬೇಕು. ಫೋನಿನಲ್ಲಿ ಬರೀ ‘ಯೆಸ್’ ಎಂದು ನಿಲ್ಲಿಸದೆ ಪೂರ್ತಿ ವಾಕ್ಯ ಹೇಳುವುದೇ ಕ್ಷೇಮ. ಹೀಗೆಯೇ, ದರದ ‘ಬಗ್ಗೆ’ ಚರ್ಚಿಸುವ ಕನ್ನಡದ ರೂಢಿಯಿಂದ ‘ಡಿಸ್ಕಸ್ ಅಬೌಟ್’ ಹುಟ್ಟಿದೆ. ಅಲ್ಲಿ ‘ಅಬೌಟ್’ ಬೇಡ.

ಅಂಕಿಗಳ ನಡುವಿನ ಅಲ್ಪವಿರಾಮಕ್ಕೂ ಎರಡು ಪದ್ಧತಿಗಳಿವೆ. ಒಂದೂವರೆ ಲಕ್ಷ ಚೀಲ ನಮ್ಮಲ್ಲಿ 1,50,000. ಹೊರದೇಶದ ಖರೀದಿದಾರರಿಗೆ 150,000. ರಫ್ತಿನ ಬಿಲ್ಲಿನಲ್ಲಿ ಎರಡನೆಯದನ್ನು ಬಳಸಿ, ಮೊತ್ತವನ್ನು ಅಕ್ಷರದಲ್ಲಿ ಬರೆಯುವಾಗ ‘ಲ್ಯಾಕ್’ ಬಿಟ್ಟು ‘ಒನ್ ಹಂಡ್ರೆಡ್ ಆ್ಯಂಡ್ ಫಿಫ್ಟಿ ಥೌಸಂಡ್’ ಎನ್ನಬೇಕು.